ಅಲ್ಲಪ್ಪಾ, ನಾನು ಈ ರೂಮಿಗೆ ಯಾಕೆ ಬಂದೆ?

ನಾನು ಬರೆದ ಚಿತ್ರಕಥೆಯನ್ನು ನಟರು ಸುತ್ತ ಕೂತು ಮೊದಲ ಸಲ ಗಟ್ಟಿಯಾಗಿ ಓದಿದ ದಿನ ಐದನೇ ಪುಟಕ್ಕೇ ಗಾಡಿ ನಿಂತಿತು. ತಾಯಿಯ ಪಾತ್ರಕ್ಕೆ ಬಂದಿದ್ದವರು ನಾಟಕಗಳಲ್ಲಿ ಪಳಗಿದ ಹಿರಿಯ ನಟಿ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಲ್ಲಪ್ಪಾ, ನಾನು ಈ ರೂಮಿಗೆ ಯಾಕೆ ಬಂದೆ?" ಎಂದು ಕೇಳಿದರು.

ನಾನು ಬರೆದದ್ದು ಹೀಗಿತ್ತು: "ತಾಯಿ ಭಾರವಾದ ಮನಸ್ಸಿನಿಂದ ಒಳಗೆ ಬರುತ್ತಾಳೆ. ಅವಳ ಕಣ್ಣಲ್ಲಿ ಮೂವತ್ತು ವರ್ಷಗಳ ನೋವು." ಬರೆಯುವಾಗ ನನಗೇ ಗಂಟಲು ಕಟ್ಟಿತ್ತು. ಈಗ ಬಾಯಿ ಕಟ್ಟಿತು. ನಿಜ ಹೇಳಬೇಕೆಂದರೆ ಅವಳಿಗೆ ಆ ರೂಮಿನಲ್ಲಿ ಏನೂ ಕೆಲಸವಿರಲಿಲ್ಲ. ಮಗನಿಗೆ ಒಂದು ಹಳೆಯ ವಿಷಯ ಗೊತ್ತಾಗಬೇಕಿತ್ತು. ಹೇಳಲು ಯಾರಾದರೂ ಬೇಕಿತ್ತು. ಅಮ್ಮನನ್ನು ಕರೆಸಿಬಿಟ್ಟಿದ್ದೆ.

ಚಿತ್ರಕಥೆ ಬರೆಯುವುದು ಹೇಗೆಂದು ಹೇಳಿಕೊಡುವ ಪಾಠಗಳು ಸಾಮಾನ್ಯವಾಗಿ ಪ್ರೇಕ್ಷಕರ ಕುರ್ಚಿಯಲ್ಲಿ ಕೂತು ಮಾತಾಡುತ್ತವೆ. ಮೂರು ಅಂಕ, ತಿರುವು, ಕ್ಲೈಮ್ಯಾಕ್ಸ್. ಎಲ್ಲಾ ಸರಿ. ಆದರೆ ಪ್ರೇಕ್ಷಕರು ಚಿತ್ರಕಥೆಯನ್ನು ಓದುವುದೇ ಇಲ್ಲವಲ್ಲ. ಓದುವವರು ನಿರ್ಮಾಪಕರು, ನಿರ್ದೇಶಕರು, ಕ್ಯಾಮೆರಾದವರು, ನಟರು. ಅವರಲ್ಲಿ ಆ ಅಕ್ಷರಗಳನ್ನು ಮೈಗೆ ಹಾಕಿಕೊಂಡು ಓಡಾಡಬೇಕಾದವರು ನಟರು ಮಾತ್ರ. ಅವರಿಗೆ ಕಾಗದದ ಮೇಲೆ ಏನು ಸಿಗಬೇಕು ಎಂಬ ಪ್ರಶ್ನೆ ಬರಹಗಾರರ ನಡುವೆ ಏಳುವುದೇ ಕಡಿಮೆ.

ಈಗ ಅದನ್ನು ಕೇಳಲೇಬೇಕಾದ ಸ್ಥಿತಿ ಬಂದಿದೆ. 2020ರ ನಂತರ ಆಡಿಷನ್ ಎಂಬುದು ಬಹುಪಾಲು ಸೆಲ್ಫ್ ಟೇಪ್ ಆಗಿಬಿಟ್ಟಿದೆ. ನಟನ ಫೋನಿಗೆ ಎರಡು ಮೂರು ಪುಟ ಬರುತ್ತದೆ. ಪೂರ್ತಿ ಕಥೆ ಇರುವುದಿಲ್ಲ. ಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತು, ಎದುರು ಪಾತ್ರದ ಮಾತನ್ನು ಸ್ನೇಹಿತರಿಂದ ಓದಿಸಿಕೊಂಡು, ತಾನೇ ರೆಕಾರ್ಡ್ ಮಾಡಿ ಕಳಿಸಬೇಕು. ಮೊದಲು ಆಡಿಷನ್ ಕೋಣೆಯಲ್ಲಿ "ಇವಳು ಯಾರ ಮೇಲೆ ಸಿಟ್ಟಾಗಿದ್ದಾಳೆ?" ಎಂದಾದರೂ ಕೇಳಬಹುದಿತ್ತು. ಈಗ ಕೇಳಲು ಎದುರಿಗೆ ಯಾರೂ ಇಲ್ಲ. ಆ ಎರಡು ಪುಟವೇ ಎಲ್ಲಾ ಹೇಳಬೇಕು.

ತಮಾಷೆಯೆಂದರೆ ನಾವು ನಾಲ್ಕು ನೂರು ವರ್ಷ ಹಿಂದಕ್ಕೆ ಹೋಗಿ ನಿಂತಿದ್ದೇವೆ. ಷೇಕ್ಸ್‌ಪಿಯರ್ ಕಾಲದ ಲಂಡನ್ನಿನಲ್ಲಿ ನಟನಿಗೆ ಇಡೀ ನಾಟಕದ ಪ್ರತಿ ಕೊಡುತ್ತಿರಲಿಲ್ಲ. ಎಲ್ಲವೂ ಕೈಯಲ್ಲಿ ಬರೆಯಬೇಕಾದ ಕಾಲ. ಅವನ ಮಾತುಗಳನ್ನಷ್ಟೇ ಒಂದು ಉದ್ದ ಕಾಗದದ ಸುರುಳಿಯಲ್ಲಿ ಬರೆದು ಕೊಡುತ್ತಿದ್ದರು. ಪ್ರತಿ ಮಾತಿಗೆ ಮುಂಚೆ ಎದುರಿನವನ ಮಾತಿನ ಕೊನೆಯ ಎರಡು ಮೂರು ಪದ ಇರುತ್ತಿದ್ದವು. ಅದು ಕಿವಿಗೆ ಬಿದ್ದ ಕೂಡಲೇ ಇವನು ಶುರು ಮಾಡಬೇಕು. ಎಡ್ವರ್ಡ್ ಆಲನ್ ಎಂಬ ಆಗಿನ ದೊಡ್ಡ ನಟನ ಅಂಥದ್ದೊಂದು ಸುರುಳಿ ಲಂಡನ್ನಿನ ಡಲಿಚ್ ಕಾಲೇಜಿನಲ್ಲಿ ಈಗಲೂ ಇದೆ. ಇಂಗ್ಲಿಷಿನ 'ರೋಲ್' ಎಂಬ ಪದ ಬಂದದ್ದೇ ಕಾಗದದ ಸುರುಳಿಯಿಂದ. ನಮ್ಮ 'ಪಾತ್ರ' ಬಂದದ್ದು ಪಾತ್ರೆಯಿಂದ. ನನಗೆ ನಮ್ಮದೇ ಇಷ್ಟ. ಏನಾದರೂ ಹಾಕಿ ಕೊಡಬೇಕು ಎಂದು ಪದವೇ ನೆನಪಿಸುತ್ತದೆ.

ಆ ಕಾಲದ ನಾಟಕಕಾರರಿಗೆ ಇದು ಗೊತ್ತಿತ್ತು. ಹಾಗಾಗಿ ಮಾಡಬೇಕಾದ ಕೆಲಸವನ್ನು ಮಾತಿನ ಒಳಗೇ ಹೊಲಿದುಬಿಡುತ್ತಿದ್ದರು. "ಯಾಕೆ ನಡುಗ್ತಿದ್ದೀಯ?" ಎಂದು ಒಬ್ಬ ಕೇಳಿದರೆ ಇನ್ನೊಬ್ಬ ನಡುಗಲೇಬೇಕು. "ಎದ್ದೇಳು, ಕಾಲು ಹಿಡೀಬೇಡ" ಎಂದರೆ ಎದುರಿನವನು ಆಗಲೇ ಕಾಲಿಗೆ ಬಿದ್ದಿರಬೇಕು. ಬೇರೆ ವಿವರಣೆ ಬೇಡ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ನಟನಿಗೆ ಭಾವನೆಯ ಹೆಸರು ಕೊಟ್ಟರೆ ಅವನ ಕೈ ಖಾಲಿಯಾಗಿಯೇ ಉಳಿಯುತ್ತದೆ. ಅವನಿಗೆ ಬೇಕಾದ್ದು ಮಾಡಲು ಒಂದು ಕೆಲಸ. "ದುಃಖಪಡು" ಎಂದರೆ ಯಾರೂ ದುಃಖಪಡಲಾರರು. ನೀವೇ ಈಗ ಪ್ರಯತ್ನಿಸಿ ನೋಡಿ, ಹುಬ್ಬು ಗಂಟಿಕ್ಕುತ್ತದೆ ಅಷ್ಟೇ. "ಅವನು ಬಾಗಿಲು ದಾಟುವ ಮುಂಚೆ ಅವನ ಬಾಯಿಂದ ನಿಜ ಹೊರಡಿಸು" ಎಂದರೆ ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ. ದುಃಖವೋ ಸಿಟ್ಟೋ ಆಮೇಲೆ ಹಿಂದೆಯೇ ಬರುತ್ತದೆ.

ಇದನ್ನು ಶಾಸ್ತ್ರವಾಗಿ ಕಟ್ಟಿದವರು ರಷ್ಯದ ನಟ, ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ, 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಶುರು ಮಾಡಿದ ಇಬ್ಬರಲ್ಲಿ ಒಬ್ಬರು. ಅವರು ಬಳಸಿದ ರಷ್ಯನ್ ಪದ 'ಜದಾಚ'. 1936ರಲ್ಲಿ ಬಂದ ಅವರ ಪುಸ್ತಕದ ಇಂಗ್ಲಿಷ್ ಅನುವಾದ ಅದನ್ನು 'ಆಬ್ಜೆಕ್ಟಿವ್' ಮಾಡಿತು. ನಾವು ಅದನ್ನು 'ಉದ್ದೇಶ', 'ಗುರಿ' ಎಂದೆಲ್ಲ ಮಾಡಿಕೊಂಡೆವು. ಉದ್ದೇಶ ಎಂದಕೂಡಲೇ ಭಾಷಣದ ವಾಸನೆ ಬರುತ್ತದೆ, ಅಲ್ವಾ? ರಷ್ಯನ್ನಿನಲ್ಲಿ ಜದಾಚ ಎಂದರೆ ಮಾಡಿ ಮುಗಿಸಬೇಕಾದ ಕೆಲಸ. ಶಾಲೆಯಲ್ಲಿ ಮೇಷ್ಟ್ರು ಮಕ್ಕಳಿಗೆ ಕೊಡುವ ಲೆಕ್ಕಕ್ಕೂ ಅದೇ ಪದ. ಅಲ್ಲಿಂದ ನಾನು 'ಲೆಕ್ಕ' ಎಂದೇ ಹೇಳಲು ಶುರು ಮಾಡಿದೆ. ಈ ದೃಶ್ಯದಲ್ಲಿ ಇವಳು ಬಿಡಿಸಬೇಕಾದ ಲೆಕ್ಕ ಯಾವುದು? ಅದನ್ನು ತಪ್ಪಿಸುತ್ತಿರುವವರು ಯಾರು?

ಒಂದು ಉದಾಹರಣೆ. ಅಕ್ಕ ಮನೆ ಬಿಟ್ಟು ದೂರದ ಊರಿಗೆ ಹೊರಟಿದ್ದಾಳೆ. ತಮ್ಮನಿಗೆ ಅದು ಇಷ್ಟವಿಲ್ಲ. ಬರೆಯಲು ಕೂತರೆ ಮೊದಲು ಕೈಗೆ ಬರುವುದು ಇದು:

ತಮ್ಮ (ನೋವಿನಿಂದ): ಹೋಗ್ಬೇಡ ಅಕ್ಕ. ನೀನು ಹೋದ್ರೆ ನಾನು ಒಂಟಿ ಆಗ್ತೀನಿ.
ಅಕ್ಕ (ಕಣ್ಣೀರು ತಡೆಯುತ್ತಾ): ಹೋಗ್ಲೇಬೇಕು ಕಣೋ.

ಇಬ್ಬರು ನಟರೂ ಇಲ್ಲಿ ನಿರುದ್ಯೋಗಿಗಳು. ಮಾತೇ ಎಲ್ಲವನ್ನೂ ಹೇಳಿಬಿಟ್ಟಿದೆ. ಉಳಿದದ್ದನ್ನು ಆವರಣ ಚಿಹ್ನೆ ಹೇಳಿದೆ. ಇನ್ನೊಂದು ಸಲ ನೋಡೋಣ:

ಅಕ್ಕ ಬಟ್ಟೆ ಜೋಡಿಸುತ್ತಿದ್ದಾಳೆ. ತಮ್ಮ ಬಂದು ಸೂಟ್‌ಕೇಸಿನ ಪಕ್ಕ ಕೂರುತ್ತಾನೆ.
ತಮ್ಮ: ಇದರ ಜಿಪ್ ಸರಿ ಇಲ್ಲ.
ಅಕ್ಕ: ಇದೆ.
ತಮ್ಮ: ದಾರೀಲಿ ಬಾಯಿ ಬಿಟ್ರೆ? ನಾಳೆ ಸರಿ ಮಾಡಿಸ್ಕೊಂಡು ಬರ್ತೀನಿ.
ಅಕ್ಕ: ಬಸ್ಸು ಒಂಬತ್ತಕ್ಕೆ ಕಣೋ.
ತಮ್ಮ ಮಡಿಸಿಟ್ಟ ಸ್ವೆಟರ್ ಹೊರಗೆ ತೆಗೆಯುತ್ತಾನೆ. ಬಿಚ್ಚುತ್ತಾನೆ. ನಿಧಾನವಾಗಿ ಮತ್ತೆ ಮಡಿಸುತ್ತಾನೆ.
ಅಕ್ಕ ನೋಡುತ್ತಾಳೆ. ಕಿತ್ತುಕೊಳ್ಳುವುದಿಲ್ಲ.

ತಮ್ಮನ ಲೆಕ್ಕ: ಬೇಡಿಕೊಳ್ಳದೆ ಅವಳನ್ನು ತಡ ಮಾಡಿಸಬೇಕು. ಅಕ್ಕನ ಲೆಕ್ಕ: ಅವನ ಮನಸ್ಸು ಮುರಿಯದೆ ಒಂಬತ್ತರ ಒಳಗೆ ಹೊರಡಬೇಕು. ಇಬ್ಬರ ಕೈಗೂ ಕೆಲಸವಿದೆ. ಇದನ್ನು ಹತ್ತು ಜೊತೆ ನಟರು ಹತ್ತು ಥರ ಆಡಬಹುದು. ಒಬ್ಬ ತಮ್ಮ ಜಗಳಕ್ಕೆ ಬಂದವನ ಹಾಗೆ ಕೂರುತ್ತಾನೆ, ಇನ್ನೊಬ್ಬ ತಮಾಷೆ ಮಾಡುತ್ತಾನೆ. ಎರಡೂ ಸರಿಹೋಗುತ್ತದೆ.

ಆದರೆ ಒಂದು ಎಚ್ಚರ. ಈ ಎರಡನೆಯ ಬಗೆಯೂ ಈಚೆಗೆ ಒಂದು ಚಾಳಿ ಆಗುತ್ತಿದೆ. ಯಾವ ಪಾತ್ರವೂ ಮನಸ್ಸಿನ ಮಾತು ಬಾಯಿ ಬಿಟ್ಟು ಹೇಳುವುದೇ ಇಲ್ಲ. ಎಲ್ಲರೂ ಜಿಪ್ಪು, ಛತ್ರಿ, ಹವಾಮಾನ ಎಂದು ಮಾತಾಡುತ್ತಾ ಕಿಟಕಿ ನೋಡುತ್ತಾರೆ. ಬೇಜಾರು ಬರುತ್ತದೆ. ಜನ ಎಷ್ಟೋ ಸಲ "ಹೋಗ್ಬೇಡ" ಎಂದು ನೇರವಾಗಿ ಹೇಳುತ್ತಾರೆ. ಹಾಗೆ ಹೇಳಿಸುವುದಾದರೆ ಅದನ್ನು ಹೇಳಲು ಆ ಪಾತ್ರಕ್ಕೆ ಏನು ಕಷ್ಟ, ಇಷ್ಟು ದಿನ ಯಾಕೆ ಹೇಳಿರಲಿಲ್ಲ ಎಂಬುದು ನಟನ ಕೈಗೆ ಸಿಗಬೇಕು. ಸೂಟ್‌ಕೇಸಿನ ದೃಶ್ಯದಲ್ಲಿ ಜಿಪ್ಪು, ಸ್ವೆಟರ್ ಎಲ್ಲಾ ಮುಗಿದ ಮೇಲೆ ಅವನು ಹಾಗೆ ಹೇಳಿದರೆ ಅದೇ ಸಪ್ಪೆ ಮಾತಿಗೆ ತೂಕ ಬರುತ್ತದೆ.

ಆವರಣ ಚಿಹ್ನೆಯ ವಿಷಯಕ್ಕೆ ಬಂದರೆ, ಅನುಭವಿ ನಟರಲ್ಲಿ ಹಲವರು ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ಪೆನ್ನು ತೆಗೆದು ಅವನ್ನೆಲ್ಲ ಹೊಡೆದು ಹಾಕುತ್ತಾರೆ. ಸೊಕ್ಕಿನಿಂದಲ್ಲ. "ವ್ಯಂಗ್ಯವಾಗಿ" ಎಂದು ಓದಿದ ಮೇಲೆ ಕಿವಿಯಲ್ಲಿ ಬೇರೆ ದನಿಯೇ ಕೇಳುವುದಿಲ್ಲ. ನಾನು ಒಂದೇ ಕಡೆ ಅದನ್ನು ಇಟ್ಟುಕೊಳ್ಳುತ್ತೇನೆ: ಮಾತು ಒಂದು ಹೇಳಿ ಅರ್ಥ ಪೂರ್ತಿ ಉಲ್ಟಾ ಇದ್ದಾಗ, ಅದು ಸಂದರ್ಭದಿಂದ ಗೊತ್ತಾಗದಿದ್ದಾಗ. ಅಥವಾ ಯಾರಿಗೆ ಹೇಳುತ್ತಿದ್ದಾನೆ ಎಂಬುದು ತಿಳಿಯದಿದ್ದಾಗ.

ಕನ್ನಡದಲ್ಲಿ ಬರೆಯುವವರಿಗೆ ಆವರಣದ ಅಗತ್ಯ ಇನ್ನೂ ಕಡಿಮೆ. ನಮ್ಮ ಭಾಷೆಯೇ ನಟನಿಗೆ ಬೇಕಾದಷ್ಟು ಹಿಡಿಕೆ ಕೊಡುತ್ತದೆ. 'ನೀವು' ಎನ್ನುತ್ತಿದ್ದವಳು ಒಂದೇ ಒಂದು ಸಲ 'ನೀನು' ಎಂದರೆ ಸಾಕು, ಇಡೀ ಕೋಣೆ ಅಲ್ಲಾಡುತ್ತದೆ. 'ಕಣೋ' ಎನ್ನುತ್ತಿದ್ದ ಗೆಳೆಯ ಇದ್ದಕ್ಕಿದ್ದಂತೆ 'ರೀ' ಎಂದರೆ ಬಾಗಿಲು ಮುಚ್ಚಿದ ಹಾಗೆ. "ಕೋಪದಿಂದ" ಎಂದು ಯಾಕೆ ಬರೆಯಬೇಕು? ಇನ್ನೊಂದು ಅನುಕೂಲ, ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. "ನಾನು ಆ ದುಡ್ಡನ್ನ ಅವನಿಗೆ" ಎಂದು ನಿಲ್ಲಿಸಿದರೆ ಕೊಟ್ಟನೋ, ಕೊಡಲಿಲ್ಲವೋ, ತೋರಿಸಿದನೋ ಎದುರಿನವರಿಗೆ ಗೊತ್ತಿಲ್ಲ. ಕೇಳುವ ನಟಿ ಆ ಕೊನೆಯ ಪದಕ್ಕಾಗಿ ನಿಜವಾಗಿ ಕಾಯಬೇಕು. ಕಾಯುವ ಮುಖ ಕ್ಯಾಮೆರಾಗೆ ಬಹಳ ಇಷ್ಟ. ಮಾತಿನ ಮಧ್ಯೆ ಬಾಯಿ ಹಾಕಿಸುವಾಗಲೂ ಎಲ್ಲಿ ಕತ್ತರಿಸಬೇಕು ಎಂಬುದನ್ನು ಇದರಿಂದಲೇ ನಿರ್ಧರಿಸಬಹುದು. ಇಷ್ಟೆಲ್ಲಾ ಇದ್ದೂ ಪುಸ್ತಕದ ಕನ್ನಡದಲ್ಲಿ ಉದ್ದುದ್ದ ಡೈಲಾಗ್ ಬರೆದು ನಟನ ಉಸಿರು ತೆಗೆಯುತ್ತೇವೆ. ಬರೆದದ್ದನ್ನು ಒಂದು ಸಲ ನಿಂತು, ಗಟ್ಟಿಯಾಗಿ, ಓಡಾಡುತ್ತಾ ಹೇಳಿ ನೋಡಿದರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಸಣ್ಣ ಪಾತ್ರಗಳಿಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. 1976ರ 'ನೆಟ್‌ವರ್ಕ್' ಚಿತ್ರದಲ್ಲಿ ಬಿಯಾಟ್ರಿಸ್ ಸ್ಟ್ರೈಟ್ ತೆರೆಯ ಮೇಲೆ ಇರುವುದು ಸುಮಾರು ಐದು ನಿಮಿಷ. ಅದಕ್ಕೆ ಪೋಷಕ ನಟಿಯ ಆಸ್ಕರ್ ಬಂತು. ಗೆದ್ದ ಅಭಿನಯಗಳಲ್ಲಿ ಅದೇ ಅತಿ ಚಿಕ್ಕದು. ಬರೆದವರು ಪ್ಯಾಡಿ ಚಯೆಫ್‌ಸ್ಕಿ. ಗಂಡ ಬೇರೊಬ್ಬಳನ್ನು ಪ್ರೀತಿಸುತ್ತಿದ್ದೇನೆ ಎಂದು ಹೇಳುತ್ತಾನೆ, ಹೆಂಡತಿ ಕೇಳುತ್ತಾಳೆ. ಸಾವಿರ ಸಲ ಬಂದಿರುವ ಸನ್ನಿವೇಶ. ಆದರೆ ಈ ಹೆಂಡತಿ ಒಂದೇ ಕಡೆ ನಿಲ್ಲುವುದಿಲ್ಲ. ಸಿಡಿಯುತ್ತಾಳೆ. ಇಷ್ಟು ವರ್ಷ ಬಾಳಿದ ತನಗೆ ಸಲ್ಲಬೇಕಾದ ಮರ್ಯಾದೆಯನ್ನು ಲೆಕ್ಕ ಹಾಕಿ ಕೇಳುತ್ತಾಳೆ. ಕೊನೆಗೆ ಮುಂದೆ ನಿನಗೇ ಕಷ್ಟ ಕಾದಿದೆ ಎಂದು ಅವನಿಗೇ ಹೇಳುತ್ತಾಳೆ. ಐದು ನಿಮಿಷದಲ್ಲಿ ನಾಲ್ಕೈದು ಬೇರೆ ಬೇರೆ ಕೆಲಸ. ನಟಿಗೆ ಹತ್ತಲು ಮೆಟ್ಟಿಲುಗಳಿವೆ. ಅಷ್ಟು ಮೆಟ್ಟಿಲುಗಳನ್ನು ನಾವು ಎಷ್ಟೋ ನಾಯಕಿಯರಿಗೆ ಎರಡು ಗಂಟೆಯಲ್ಲೂ ಕೊಟ್ಟಿರುವುದಿಲ್ಲ.

ಇನ್ನು ಶೂಟಿಂಗಿನ ವಿಷಯ. ಸಿನಿಮಾ ಕಥೆಯ ಕ್ರಮದಲ್ಲಿ ಚಿತ್ರೀಕರಣವಾಗುವುದು ಅಪರೂಪ. ಜಾಗ, ಬೆಳಕು, ಯಾರ ಕಾಲ್‌ಶೀಟ್ ಯಾವಾಗ ಎಂಬುದರ ಮೇಲೆ ಕ್ರಮ ನಿಂತಿರುತ್ತದೆ. ಮೊದಲ ದಿನವೇ ಗಂಡನ ಸಾವು, ಇಪ್ಪತ್ತನೇ ದಿನ ಮದುವೆ. ನಾಟಕದ ನಟಿ ಮೊದಲ ಅಂಕದಿಂದ ಏರುತ್ತಾ ಬಂದು ಸಾವಿನ ಹತ್ತಿರ ತಲುಪುತ್ತಾಳೆ. ಸಿನಿಮಾ ನಟಿಗೆ ಆ ಏರು ಸಿಗುವುದಿಲ್ಲ, ಕಾಗದದಲ್ಲಿ ಹುಡುಕಿಕೊಳ್ಳಬೇಕು. ಹಾಗಾಗಿ ದೃಶ್ಯದ ಮೊದಲ ಎರಡು ಸಾಲು ಅವಳಿಗೆ ಬಹಳ ಮುಖ್ಯ. ಅವಳು ಎಲ್ಲಿಂದ ಬಂದಳು? ನಿದ್ದೆ ಮಾಡಿದ್ದಾಳೋ ಇಲ್ಲವೋ? ಹಿಂದಿನ ದೃಶ್ಯ ಕಳೆದು ಹತ್ತು ನಿಮಿಷವಾಯಿತೋ, ಹತ್ತು ದಿನವಾಯಿತೋ? "ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ನಿಂತಿಲ್ಲ" ಎಂಬ ಒಂದು ಸಾಲು "ಆತಂಕದಿಂದ ಬರುತ್ತಾಳೆ" ಎಂಬುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಏದುಸಿರನ್ನು ಯಾವ ದಿನ ಬೇಕಾದರೂ ತರಬಹುದು.

ಬರೆಯುವವರಿಗೆ ಮರೆತೇ ಹೋಗುವ ಇನ್ನೊಂದು ಸಂಗತಿ, ನಾವು ಒಂದು ಸಲ ಬರೆದದ್ದನ್ನು ಅವರು ಹತ್ತು ಹದಿನೈದು ಸಲ ಮಾಡಬೇಕು. ದೂರದಿಂದ ವೈಡ್ ಒಂದು, ಸೊಂಟದವರೆಗೆ ಮಿಡ್ ಒಂದು, ಮುಖದ ಕ್ಲೋಸಪ್, ಎದುರಿನವರ ಭುಜದ ಮೇಲಿಂದ ಇನ್ನೊಂದು. ಪ್ರತಿಯೊಂದಕ್ಕೂ ಹಲವು ಟೇಕ್. "ಬಿಕ್ಕಿ ಬಿಕ್ಕಿ ಅಳುತ್ತಾಳೆ" ಎಂದು ಬರೆಯಲು ಎರಡು ಸೆಕೆಂಡ್ ಸಾಕು. ಅವಳು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಳಬೇಕು. ಕ್ಲೋಸಪ್ ಹೊತ್ತಿಗೆ ಕಣ್ಣೀರು ಬತ್ತಿರುತ್ತದೆ. ಊಟ ಮಾಡುತ್ತಾ ಮಾತಾಡುವ ದೃಶ್ಯವೂ ಹಾಗೆಯೇ. ಯಾವ ಪದದ ಮೇಲೆ ತುತ್ತು ಬಾಯಿಗೆ ಹೋಯಿತು ಎಂಬುದು ಪ್ರತಿ ಟೇಕಿನಲ್ಲೂ ಒಂದೇ ಆಗಿರಬೇಕು, ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಜೋಡಿಸಲು ಬರುವುದಿಲ್ಲ. ಕಂಟಿನ್ಯುಟಿ ನೋಡುವವರು ಪುಸ್ತಕ ಹಿಡಿದು ಕೂತಿರುತ್ತಾರೆ. ಎಷ್ಟೋ ನಟರು ಕಟ್ ಎಂದ ಕೂಡಲೇ ಪಕ್ಕದ ಬಕೆಟ್ಟಿಗೆ ಉಗಿಯುತ್ತಾರೆ. ಹಾಗೆಂದು ಊಟದ ದೃಶ್ಯ ಬರೆಯಬಾರದು ಎಂದಲ್ಲ. ನಾನಂತೂ ಈಗ ಊಟ ಮುಗಿದ ತಟ್ಟೆ ಎತ್ತುವ ಕೆಲಸ ಕೊಡುತ್ತೇನೆ.

ಮೈಗೆ ಸಂಬಂಧಿಸಿದ ಮಾತು ಬಂದದ್ದಕ್ಕೆ ಇನ್ನೊಂದು. "ಇಬ್ಬರೂ ಒಂದಾಗುತ್ತಾರೆ" ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳುವ ಪದ್ಧತಿ ಬಹಳ ಕಾಲ ನಡೆಯಿತು. ಅದರ ಅರ್ಥ ಏನೆಂಬುದು ಸೆಟ್ಟಿನಲ್ಲಿ, ಎಲ್ಲರ ಎದುರು, ನಟಿಗೆ ಬೇಡವೆನ್ನಲು ಆಗದ ಹೊತ್ತಿನಲ್ಲಿ ನಿರ್ಧಾರವಾಗುತ್ತಿತ್ತು. 2018ರಲ್ಲಿ ಅಮೆರಿಕದ ಟಿವಿ ಸಂಸ್ಥೆ ಎಚ್‌ಬಿಒ ಇಂಥ ದೃಶ್ಯಗಳಿಗೆಂದೇ ಇಂಟಿಮಸಿ ಕೋಆರ್ಡಿನೇಟರ್‌ಗಳನ್ನು ಇಟ್ಟುಕೊಳ್ಳಲು ಶುರು ಮಾಡಿತು. ಫೈಟ್ ಮಾಸ್ಟರ್ ಹೊಡೆದಾಟವನ್ನು ಲೆಕ್ಕ ಹಾಕಿ ಕೂಡಿಸುವ ಹಾಗೆ ಇವರು ಆ ದೃಶ್ಯದ ಪ್ರತಿ ಚಲನೆಯನ್ನು ನಟರ ಒಪ್ಪಿಗೆ ಪಡೆದು ಕೂಡಿಸುತ್ತಾರೆ. ಇವರ ಕೆಲಸ ಶುರುವಾಗುವುದು ಕಾಗದದಿಂದ. ಬರೆದವನು ಏನು ಕಾಣಬೇಕು, ಎಲ್ಲಿ ಕಟ್ ಆಗಬೇಕು, ಈ ದೃಶ್ಯದಿಂದ ಇಬ್ಬರ ನಡುವೆ ಏನು ಬದಲಾಗಬೇಕು ಎಂದು ಸ್ಪಷ್ಟವಾಗಿ ಬರೆದಿದ್ದರೆ ನಟಿ ಪಾತ್ರ ಒಪ್ಪುವ ಮುಂಚೆಯೇ ನಿರ್ಧರಿಸಬಹುದು. ನಟನಿಗೆ ಜಾಗ ಬಿಡಬೇಕು ಎಂದು ಇಷ್ಟು ಹೊತ್ತು ಹೇಳಿದವನು ನಾನೇ. ಇಲ್ಲಿ ಮಾತ್ರ ಜಾಗ ಬಿಡಬಾರದು.

2023ರಲ್ಲಿ ಹಾಲಿವುಡ್‌ನಲ್ಲಿ ಬರಹಗಾರರು 148 ದಿನ, ನಟರು 118 ದಿನ ಮುಷ್ಕರ ಮಾಡಿದಾಗಲೂ ಇದೇ ಒಪ್ಪಿಗೆಯ ಪ್ರಶ್ನೆ ಎದ್ದಿತು, ಕೃತಕ ಬುದ್ಧಿಮತ್ತೆ ದೊಡ್ಡ ಜಗಳದ ವಿಷಯವಾಗಿತ್ತು. ನಟನ ಮುಖ, ದನಿಯ ಡಿಜಿಟಲ್ ನಕಲು ಮಾಡಲು ಅವನ ಒಪ್ಪಿಗೆ ಬೇಕು, ಸಂಭಾವನೆ ಕೊಡಬೇಕು ಎಂದು ಕೊನೆಗೆ ಒಪ್ಪಂದವಾಯಿತು. "ಇಪ್ಪತ್ತರ ಹರೆಯದ ಅದೇ ಮುಖ" ಎಂದು ಫ್ಲಾಷ್‌ಬ್ಯಾಕಿಗೆ ಒಂದು ಸಾಲು ಬರೆದರೆ ಹಿಂದೆ ಮೇಕಪ್ಪಿನವರು ತಲೆ ಕೆರೆದುಕೊಳ್ಳುತ್ತಿದ್ದರು. ಈಗ ಅದೇ ಸಾಲು ಒಂದು ಕರಾರಾಗಬಹುದು.

ನಟರಿಗಾಗಿ ಬರೆಯುವುದು ಎಂದರೆ ಸ್ಟಾರ್‌ಗಾಗಿ ಬರೆಯುವುದು ತಾನೇ ಎಂದು ಕೆಲವರು ಮೂಗು ಮುರಿಯುತ್ತಾರೆ. ಎಂಟ್ರಿ ಎಲ್ಲಿ, ಪಂಚ್ ಡೈಲಾಗ್ ಎಷ್ಟು ಎಂದು ಬರೆಯುವುದು ಸ್ಟಾರ್‌ನ ಪೋಸ್ಟರಿಗಾಗಿ. ಅಲ್ಲಿ ನಟನಿಗೆ ಮಾಡಲು ಕೆಲಸ ಇನ್ನೂ ಕಡಿಮೆ. ಒಬ್ಬ ನಿರ್ದಿಷ್ಟ ನಟನ ಮೈ, ದನಿ, ಚಾಳಿ ನೋಡಿ ಬರೆಯುವುದು ಬೇರೆ, ಅದು ಹಳೆಯ ಮರ್ಯಾದಸ್ಥ ಕೆಲಸ. 1600ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ಒಂದು ನಾಟಕದಲ್ಲಿ ಕೋಡಂಗಿಯಂಥ ಕಾವಲುಗಾರನ ಮಾತುಗಳ ಮುಂದೆ ಪಾತ್ರದ ಹೆಸರಿನ ಬದಲು 'ಕೆಂಪ್' ಎಂದಿದೆ. ವಿಲ್ ಕೆಂಪ್ ಎಂಬವನು ಷೇಕ್ಸ್‌ಪಿಯರನ ತಂಡದ ಹಾಸ್ಯನಟ. ಬರೆಯುವಾಗ ಷೇಕ್ಸ್‌ಪಿಯರನ ತಲೆಯಲ್ಲಿ ಓಡಾಡುತ್ತಿದ್ದವನು ಅವನೇ. 1599ರ ಹೊತ್ತಿಗೆ ಕೆಂಪ್ ತಂಡ ಬಿಟ್ಟ. ರಾಬರ್ಟ್ ಆರ್ಮಿನ್ ಬಂದ, ಹಾಡುವವನು, ಚುರುಕು ನಾಲಿಗೆಯವನು. ಆಮೇಲಿನ ನಾಟಕಗಳ ವಿದೂಷಕರು ಹಾಡುತ್ತಾರೆ, ರಾಜರಿಗೇ ಬುದ್ಧಿ ಹೇಳುತ್ತಾರೆ.

ಎಲ್ಲವನ್ನೂ ನಟರಿಗೆ ಮೊದಲೇ ತಿಳಿಸಬೇಕೇ ಎಂಬುದಕ್ಕೆ ನನ್ನಲ್ಲಿ ಒಂದೇ ಉತ್ತರವಿಲ್ಲ. 1942ರಲ್ಲಿ 'ಕಾಸಾಬ್ಲಾಂಕಾ' ಎಂಬ ಹಾಲಿವುಡ್ ಚಿತ್ರದ ಶೂಟಿಂಗ್ ನಡೆಯುವಾಗ ಸ್ಕ್ರಿಪ್ಟ್ ಇನ್ನೂ ಬರೆಯುತ್ತಲೇ ಇದ್ದರು. ಕಥೆಯ ಇಬ್ಬರು ಗಂಡಸರಲ್ಲಿ ತಾನು ಕೊನೆಗೆ ಯಾರ ಜೊತೆ ಹೋಗುತ್ತೇನೆಂದು ಗೊತ್ತಿಲ್ಲದೆ ಆಡಬೇಕಾಯಿತು ಎಂದು ಅದರ ನಾಯಕಿ ಇಂಗ್ರಿಡ್ ಬರ್ಗ್‌ಮನ್ ಹೇಳಿಕೊಂಡಿದ್ದಾರೆ. ಆ ಅನುಮಾನ ಪಾತ್ರಕ್ಕೆ ಒಪ್ಪಿತು, ಅದು ಅದೃಷ್ಟ. ಅದೃಷ್ಟವನ್ನು ಪದ್ಧತಿ ಮಾಡಿಕೊಂಡು, ಬೆಳಿಗ್ಗೆ ಸೆಟ್ಟಿಗೆ ಬಂದ ಮೇಲೆ ಡೈಲಾಗ್ ಪೇಪರ್ ಕೈಗಿಡುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಆ ಹಿರಿಯ ನಟಿಯ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಮೂರು ವಾರ ಹಿಡಿಯಿತು. ಅಮ್ಮ ಈಗ ಆ ರೂಮಿಗೆ ಬರುವುದು ಬೀರುವಿನ ಕೀಲಿಗಾಗಿ. ಮಗ ಏಳುವ ಮುಂಚೆ ಅದು ಸಿಗಬೇಕು. ಅವನು ಎದ್ದುಬಿಡುತ್ತಾನೆ.

ಅದಾದ ಮೇಲೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಡ್ರಾಫ್ಟ್ ಮುಗಿದ ಮೇಲೆ ಹಳೆಯ ಕಾಲದವರ ಹಾಗೆ ಪ್ರತಿ ಪಾತ್ರಕ್ಕೂ ಒಂದೊಂದು ಹಾಳೆ. ಅವರ ಮಾತು, ಅವರ ಕೆಲಸ, ಅದಕ್ಕೆ ಮುಂಚಿನ ಎರಡು ಪದ, ಅಷ್ಟೇ. ನಾಯಕನ ಹಾಳೆ ಉದ್ದವಿರುತ್ತದೆ, ಅದರಲ್ಲಿ ತಪ್ಪು ಬೇಗ ಕಾಣುವುದಿಲ್ಲ. ಚಿಕ್ಕ ಪಾತ್ರದ ಹಾಳೆಯಲ್ಲಿ ಬೇಗ ಕಾಣುತ್ತದೆ. ಈಚೆಗೆ ಬರೆದ ಒಂದು ಆಸ್ಪತ್ರೆ ಕಥೆಯಲ್ಲಿ ನರ್ಸ್ ಪಾತ್ರದ ಹಾಳೆ ಅರ್ಧ ಪುಟವೂ ಇರಲಿಲ್ಲ. ಅದರಲ್ಲಿ ನಾಲ್ಕು ಸಲ "ಡಾಕ್ಟರ್ ಈಗ ಬರ್ತಾರೆ" ಎಂದಿತ್ತು. ಸುಮ್ನೆ ಬರೆದ ಸಾಲು, ಗಮನಿಸಿರಲೇ ಇಲ್ಲ. ಒಂದರ ಕೆಳಗೆ ಒಂದು ನಿಂತಿದ್ದ ಅವನ್ನು ಗಟ್ಟಿಯಾಗಿ ಓದಿದೆ. ನಾಲ್ಕನೆಯದಕ್ಕೆ ಬಂದಾಗ ಗೊತ್ತಾಯಿತು, ಅವಳು ಸುಳ್ಳು ಹೇಳುತ್ತಿದ್ದಾಳೆ.